ಗಣಾಚಾರದ ಹೆಸರಿನಲ್ಲಿ ಗದ್ದಲ



ಶಿವಾನುಭವ ಗೋಷ್ಠಿಗಳಲ್ಲಿ ಮಾತಿಗೆ ಮಾತು ಬೆಳೆದು ಗದ್ದಲವೆದ್ದಾಗ ಅಧ್ಯಕ್ಷಪೀಠದಲ್ಲಿರುವ ಹಿರಿಯರು ಸಾಮಾನ್ಯವಾಗಿ ಒಂದೇ ವಚನದ ಮೊರೆಹೋಗುತ್ತಾರೆ. ನುಡಿಯನ್ನು ಮುತ್ತಿಗೆ, ಮಾಣಿಕ್ಯಕ್ಕೆ, ಸ್ಫಟಿಕಕ್ಕೆ ಹೋಲಿಸಿದ ಬಸವಣ್ಣನವರ ಆ ವಚನ ನಮ್ಮ ಮನೆಯ ಮಕ್ಕಳಿಗೂ ಬಾಯಿಪಾಠ. ಹಿರಿಯರು ಅದನ್ನು ರಾಗವಾಗಿ ಹೇಳುತ್ತಾರೆ, ಸಭಿಕರು ತಲೆದೂಗುತ್ತಾರೆ, ವಂದನಾರ್ಪಣೆಯಾಗುತ್ತದೆ, ಎಲ್ಲರೂ ಪ್ರಸಾದಕ್ಕೆ ಏಳುತ್ತಾರೆ. ವಚನವನ್ನು ಹೇಳುವಾಗ ಹಿರಿಯರ ಮುಖ ಯಾರ ಕಡೆಗಿತ್ತೆಂಬುದನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಕುರ್ಚಿಯಿಂದೆದ್ದು ತೋಳೇರಿಸಿ ಕೂಗಾಡಿದವನ ಕಡೆಗೆ ಅದು ತಿರುಗುವುದು ಅಪರೂಪ. ಪ್ರಶ್ನೆ ಕೇಳಿ ಕುಳಿತವನ ಕಡೆಗೇ ಅದು ತಿರುಗಿರುತ್ತದೆ. ಕೇಳಿದವಳು ಹೆಣ್ಣುಮಗಳಾದರಂತೂ ಸಂಶಯವೇ ಬೇಡ.

ಆ ವಚನದ ಆಶಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮುತ್ತಿನ ಉಪಮೆ ಎಲ್ಲರ ನೆನಪಿನಲ್ಲಿದೆ. ಮುತ್ತು ನುಣುಪು, ತಂಪು, ಕೊರಳಿಗೆ ಒಡವೆ. ಆದರೆ ಮಾಣಿಕ್ಯಕ್ಕೆ ಉರಿಯುವ ಕೆಂಪಿದೆ, ಸ್ಫಟಿಕಕ್ಕೆ ನೇರವೂ ಪಾರದರ್ಶಕವೂ ಆದ ಗುಣವಿದೆ. ನುಡಿ ನುಣುಪಾಗಿದ್ದರಷ್ಟೇ ಸಾಲದು, ಒಳಗಿನದು ಹೊರಗೆ ಕಾಣುವಷ್ಟು ನೆಟ್ಟಗೂ ಇರಬೇಕೆಂಬುದು ಆ ಸಾಲು ಉಪಮೆಗಳ ತಾತ್ಪರ್ಯ. ಇನ್ನೂ ಮುಖ್ಯವಾದುದು ಕೊನೆಯ ಷರತ್ತು. ನುಡಿಯನ್ನು ಒಪ್ಪಿ ತಲೆದೂಗಬೇಕಾದದ್ದು ಲಿಂಗ. ಸಭಿಕರು ತಲೆದೂಗಬೇಕೆಂದು ಬಸವಣ್ಣನವರು ಎಲ್ಲಿಯೂ ಹೇಳಿಲ್ಲ. ಮುಂದಿನ ಸಾಲಿನಲ್ಲಿ ಕುಳಿತ ದಾನಿಗಳ ಪ್ರಸನ್ನತೆಯನ್ನು ನುಡಿಯ ಪರೀಕ್ಷೆಯಾಗಿ ಇಟ್ಟಿಲ್ಲ. ಹೀಗಿರುವಾಗ ಸತ್ಯವನ್ನು ನೆಟ್ಟಗೆ ನುಡಿಯಬೇಕೆಂದು ಹೇಳಿದ ವಚನವೇ ನೆಟ್ಟಗೆ ನುಡಿದವರ ಬಾಯಿಗೆ ಬಟ್ಟೆಯಾಗುತ್ತಿರುವುದನ್ನು ಕಂಡೂ ಸುಮ್ಮನಿರುವುದು ಹೇಗೆ?

ಗದ್ದಲ ಮಾಡುವವರೂ ಬರಿಗೈಯಲ್ಲಿ ಬರುವುದಿಲ್ಲ. ಅವರ ಕೈಯಲ್ಲಿ ಗಣಾಚಾರವೆಂಬ ಮಾತಿದೆ. ಪಂಚಾಚಾರಗಳಲ್ಲಿ ಒಂದಾದ ಗಣಾಚಾರವು ಶಿವನಿಂದೆಯನ್ನೂ ಶರಣನಿಂದೆಯನ್ನೂ ಸಹಿಸದಿರುವ ಆಚಾರವೆಂದು ನಮ್ಮ ಪರಂಪರೆ ಹೇಳುತ್ತದೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ, ಅದನ್ನು ಅನುಸರಿಸಿ 1369ರಲ್ಲಿ ಭೀಮಕವಿ ರಚಿಸಿದ ಕನ್ನಡ ಬಸವಪುರಾಣದಲ್ಲಿ, ನಿಂದೆಯನ್ನು ಕೇಳಿ ಸಹಿಸದೆ ಆಯುಧವೆತ್ತಿದ ವೀರಭಕ್ತರ ಕಥೆಗಳಿವೆ. ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ‘ಬಸವಣ್ಣನವರ ಬಗ್ಗೆ ಹಗುರವಾಗಿ ಮಾತಾಡಿದರೆ ನಮ್ಮ ರಕ್ತ ಕುದಿಯುತ್ತದೆ, ಕುದಿಯದಿದ್ದರೆ ನಾವೆಂಥ ಭಕ್ತರು?’ ಎಂದು ಎದೆ ತಟ್ಟಿಕೊಳ್ಳುವವರಿಗೆ ಈ ಕಥೆಗಳೇ ಬೆಂಬಲ.

ಅವರಿಗೆ ಮೊದಲನೆಯ ಉತ್ತರ: ನಿಂದೆ ಬೇರೆ, ಶೋಧನೆ ಬೇರೆ. ನಿಂದಕನಿಗೆ ನಿಜ ಬೇಕಿಲ್ಲ, ಶೋಧಕನಿಗೆ ನಿಜವಲ್ಲದೆ ಮತ್ತೇನೂ ಬೇಕಿಲ್ಲ. ಆತನ ತೀರ್ಮಾನ ತಪ್ಪಿರಬಹುದು. ತಪ್ಪಿದ ಮಾತ್ರಕ್ಕೆ ಆತ ನಿಂದಕನಾಗುವುದಿಲ್ಲ. ಎರಡನೆಯದು: ನಿಂದೆಯನ್ನು ಸಹಿಸಲಾಗದವನು ಆ ಸ್ಥಳವನ್ನು ಬಿಟ್ಟೇಳಬೇಕೆಂಬ ದಾರಿಯನ್ನೂ ಅದೇ ಪರಂಪರೆ ತೋರಿಸಿದೆ. ಗಣಾಚಾರದ ಹೆಸರು ಹೇಳುವವರಲ್ಲಿ ಎಷ್ಟು ಮಂದಿ ಸದ್ದಿಲ್ಲದೆ ಎದ್ದು ಹೋಗಿದ್ದಾರೆ? ಮೂರನೆಯದು: ಪಂಚಾಚಾರಗಳು ಐದು. ಗಣಾಚಾರದ ಮಗ್ಗುಲಲ್ಲೇ ಭೃತ್ಯಾಚಾರವಿದೆ. ಶರಣರೆಲ್ಲ ತನಗಿಂತ ಹಿರಿಯರು, ತಾನು ಅವರ ಆಳು ಎಂಬ ಭಾವ ಅದು. ಐದರಲ್ಲಿ ನಾಲ್ಕನ್ನು ಮನೆಯಲ್ಲಿ ಬಿಟ್ಟು ಒಂದನ್ನು ಮಾತ್ರ ಸಭೆಗೆ ಹೊತ್ತು ತರುವವನನ್ನು ಆಚಾರವಂತನೆನ್ನಲಾಗದು. ಬಸವಣ್ಣನವರು ಅಂತರಂಗ ಬಹಿರಂಗ ಶುದ್ಧಿಗೆಂದು ಎಣಿಸಿದ ನಿಷೇಧಗಳ ಪಟ್ಟಿಯಲ್ಲಿ ಕೋಪವಿದೆ, ಆತ್ಮಪ್ರಶಂಸೆಯಿದೆ, ಎದುರಿನವರ ನಿಂದೆಯೂ ಇದೆ. ಗದ್ದಲದ ಸಭೆಯಲ್ಲಿ ಈ ಮೂರೂ ಒಟ್ಟಿಗೇ ನಡೆಯುತ್ತವೆ.

ಹಾಗಾದರೆ ಸಭೆಯಲ್ಲಿ ಕಠಿಣವಾದ ಮಾತೇ ಬೇಡವೇ? ಬೇಕು. ಅದು ಇಲ್ಲದೆ ಅನುಭಾವವೇ ಇಲ್ಲ. ಸೊನ್ನಲಿಗೆಯ ಪ್ರಸಂಗ ಇದಕ್ಕೆ ಒಳ್ಳೆಯ ನಿದರ್ಶನ.

ಶೂನ್ಯಸಂಪಾದನೆಯ ಪ್ರಕಾರ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದಾಗ ಸಿದ್ಧರಾಮೇಶ್ವರರು ಕೆರೆಯ ಕಾಯಕದಲ್ಲಿದ್ದರು. ಪ್ರಭುಗಳು ಬಂದವರೇ ‘ಒಡ್ಡ’ನೆಂದು ಅವರ ಹೆಸರು ಹಿಡಿದು ಕೇಳಿದರು. ಇಂದಿನ ಕಿವಿಗೂ ಇದು ಒರಟು, ಅಂದಿನ ಕಿವಿಗೂ ಒರಟೇ. ತಮ್ಮ ಗುರುವನ್ನು ಹೀಗೆ ಕರೆದದ್ದನ್ನು ಸಹಿಸದೆ ಕೆಲಸಗಾರರು ಕಲ್ಲು ತೂರಿದರು. ಕಲ್ಲುಗಳು ರಾಶಿಯಾದವು, ಪ್ರಭುಗಳಿಗೆ ತಾಗಲಿಲ್ಲ. ಸುದ್ದಿ ಕೇಳಿದ ಸಿದ್ಧರಾಮೇಶ್ವರರು ಕೋಪದಿಂದ ಬಂದು ಹಣೆಗಣ್ಣನ್ನೇ ತೆರೆದರು. ಆ ಉರಿಯೂ ಪ್ರಭುಗಳನ್ನು ಸುಡಲಿಲ್ಲ. ಆಮೇಲೆ ನಡೆದದ್ದು ಸಂವಾದ: ಕೆರೆ ಕಟ್ಟಿಸಿದೆನೆಂಬ ಅಭಿಮಾನದ ಬಗ್ಗೆ, ಹೊರಗಿನ ಕ್ರಿಯೆ ಒಳಗಿನ ಅರಿವುಗಳ ಬಗ್ಗೆ ದೀರ್ಘವಾದ ಪ್ರಶ್ನೋತ್ತರ. ಸಿದ್ಧರಾಮೇಶ್ವರರು ಪ್ರಭುಗಳೊಡನೆ ಕಲ್ಯಾಣಕ್ಕೆ ಹೊರಟರು. ಕಣ್ಣಿನಿಂದ ಕಿಚ್ಚು ಕಾರಿದ ಅವರನ್ನೇ ನಮ್ಮ ಪರಂಪರೆ ಮುಂದೆ ಶೂನ್ಯಸಿಂಹಾಸನದ ಅಧ್ಯಕ್ಷರ ಸಾಲಿನಲ್ಲಿ ಎಣಿಸಿತು.

ಈ ಕಥೆಯಲ್ಲಿ ಆಕ್ರಮಣ ಮಾಡಿದವರು ಯಾರು? ಮೇಲುನೋಟಕ್ಕೆ ಅಲ್ಲಮರೇ ಎಂದು ತೋರುತ್ತದೆ, ಮೊದಲ ಒರಟು ಮಾತು ಅವರದೇ ತಾನೆ. ಆದರೆ ಅಲ್ಲಮರು ಮಾತನಾಡಿ ಅಲ್ಲಿಯೇ ನಿಂತರು. ಮರುಮಾತಿಗೆ ಎಡೆ ಬಿಟ್ಟರು. ಮರುಮಾತನ್ನು ಬಯಸಿಯೇ ಮಾತನಾಡಿದರು. ಕಲ್ಲೆಸೆದವನಿಗೆ ಮರುಮಾತು ಬೇಕಿಲ್ಲ, ಎದುರಿನ ಬಾಯಿ ಮುಚ್ಚಿದರೆ ಅವನ ಕೆಲಸವಾಯಿತು. ಸಭೆಯಲ್ಲಿ ಯಾವುದು ಕಟುವಾದ ಜಿಜ್ಞಾಸೆ, ಯಾವುದು ಆಕ್ರಮಣ ಎಂದು ತೂಗಬೇಕಾದದ್ದು ದನಿಯ ಏರಿಳಿತದಿಂದಲ್ಲ, ಪದಗಳ ಮೃದುತ್ವದಿಂದಲೂ ಅಲ್ಲ. ಉತ್ತರಕ್ಕೆ ಜಾಗ ಉಳಿಯಿತೇ ಎಂದು ನೋಡಬೇಕು. ಅತ್ಯಂತ ವಿನಯದ ದನಿಯಲ್ಲಿ, ಕೈಮುಗಿದು, ‘ಇನ್ನು ಮುಂದೆ ಈ ವಿಷಯ ಎತ್ತಿದರೆ ನಿಮ್ಮ ಮಗಳ ಮದುವೆಗೆ ನಮ್ಮವರು ಯಾರೂ ಬರುವುದಿಲ್ಲ’ ಎಂದು ಹೇಳುವವರೂ ಉಂಟು. ಅದು ಕಲ್ಲಲ್ಲದೆ ಮತ್ತೇನು?

ಅಕ್ಕಮಹಾದೇವಿಯವರ ಪ್ರಸಂಗವೂ ಇದೇ ದಿಕ್ಕನ್ನು ತೋರುತ್ತದೆ. ಕಲ್ಯಾಣಕ್ಕೆ ಬಂದ ಅಕ್ಕನನ್ನು ಪ್ರಭುಗಳು ತುಂಬಿದ ಸಭೆಯಲ್ಲಿ ಕೇಳಿದ ಪ್ರಶ್ನೆಗಳು ಮೃದುವಾಗಿರಲಿಲ್ಲ. ನಿನ್ನ ಪತಿ ಯಾರು, ಎಲ್ಲವನ್ನೂ ತೊರೆದವಳು ಕೇಶದಿಂದ ಮೈಯನ್ನು ಮುಚ್ಚಿಕೊಂಡಿರುವೆಯೇಕೆ ಎಂದು ಕೇಳುವುದು ಇಂದಿನ ಯಾವ ಗೋಷ್ಠಿಯಲ್ಲಾದರೂ ಕೋಲಾಹಲಕ್ಕೆ ಸಾಕು. ಅಕ್ಕ ಪ್ರತಿಯೊಂದಕ್ಕೂ ಉತ್ತರಿಸಿದರು. ಅವರ ಪರವಾಗಿ ಯಾರೂ ತೋಳೇರಿಸಲಿಲ್ಲ, ಅವರ ಮಾತನ್ನು ಯಾರೂ ನಡುವೆ ಕತ್ತರಿಸಲಿಲ್ಲ. ಉತ್ತರ ಮುಗಿದಾಗ ತಲೆಬಾಗಿದ್ದು ಸಭೆ.

ಶೂನ್ಯಸಂಪಾದನೆಯು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಪಾದಿಸಿದ ಕೃತಿ; ಶರಣರ ಕಾಲಕ್ಕೂ ಅದಕ್ಕೂ ಸುಮಾರು ಮೂರು ಶತಮಾನಗಳ ಅಂತರವಿದೆ. ಕಲ್ಯಾಣದಲ್ಲಿ ಈ ಮಾತುಗಳು ಹೀಗೆಯೇ ನಡೆದವೆಂದು ಅದನ್ನು ಚರಿತ್ರೆಯ ದಾಖಲೆಯಾಗಿ ಓದಲಾಗದು. (ಈ ವಾಕ್ಯವನ್ನು ಓದುತ್ತಿರುವಾಗಲೇ ಕೆಲವರ ಹುಬ್ಬು ಗಂಟಿಕ್ಕಿರಬಹುದು. ಗಂಟಿಕ್ಕಲಿ, ಮುಂದೆಯೂ ಓದಲಿ.) ಆದರೆ ಆ ಮೂರು ಶತಮಾನಗಳ ನಂತರ ನಮ್ಮ ಹಿರಿಯರು ತಮ್ಮ ಧರ್ಮದ ಅತ್ಯುನ್ನತ ಗ್ರಂಥವನ್ನು ಕಟ್ಟುವಾಗ ಅದಕ್ಕೆ ಉಪದೇಶದ ರೂಪವನ್ನು ಕೊಡಲಿಲ್ಲ, ಸ್ತೋತ್ರದ ರೂಪವನ್ನೂ ಕೊಡಲಿಲ್ಲ. ವಾಗ್ವಾದದ ರೂಪವನ್ನು ಕೊಟ್ಟರು. ತಮ್ಮ ಪೂರ್ವಿಕರು ಪರಸ್ಪರ ಪ್ರಶ್ನಿಸಿಕೊಂಡವರೆಂದು ನೆನಪಿಟ್ಟುಕೊಳ್ಳುವುದೇ ಅವರಿಗೆ ಹೆಮ್ಮೆಯಾಗಿತ್ತು. ನಮಗೆ ಏಕೆ ಅದು ಅವಮಾನವಾಯಿತು?

ಈಗ ನೋವಿನ ವಿಷಯಕ್ಕೆ ಬರಬೇಕು.

ಡಾ. ಎಂ. ಎಂ. ಕಲಬುರ್ಗಿಯವರ ಹೆಸರು ತಿಳಿಯದ ವಚನಾಭ್ಯಾಸಿ ಇಲ್ಲ. ಕರ್ನಾಟಕ ಸರಕಾರ 1993ರಲ್ಲಿ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯಕ್ಕೆ ಅವರು ಪ್ರಧಾನ ಸಂಪಾದಕರು. ನಮ್ಮ ಮನೆಗಳ ಪೂಜಾಕೋಣೆಯ ಪಕ್ಕದ ಕಪಾಟಿನಲ್ಲಿ ಆ ಸಂಪುಟಗಳಿವೆ, ಪ್ರವಚನಕ್ಕೆ ಕೂಡುವ ಮುನ್ನ ನಾವು ತೆರೆಯುವುದು ಅವನ್ನೇ. ಇದೇ ಕಲಬುರ್ಗಿಯವರು ‘ಮಾರ್ಗ’ ಎಂಬ ತಮ್ಮ ಸಂಶೋಧನ ಲೇಖನಗಳ ಮೊದಲ ಸಂಪುಟದಲ್ಲಿ ನೀಲಾಂಬಿಕೆಯವರ ವಚನಗಳ ಆಧಾರದಿಂದ ಅವರ ದಾಂಪತ್ಯದ ಬಗ್ಗೆ ಒಂದು ಊಹೆಯನ್ನೂ, ಚನ್ನಬಸವಣ್ಣನವರ ಜನನದ ಬಗ್ಗೆ ಮತ್ತೊಂದು ಊಹೆಯನ್ನೂ ಮುಂದಿಟ್ಟರು. ಎರಡನೆಯದು ಅಕ್ಕನಾಗಮ್ಮನವರಿಗೂ ಡೋಹರ ಕಕ್ಕಯ್ಯನವರಿಗೂ ವಿವಾಹವಾಗಿರಬಹುದೆಂಬ ಸೂಚನೆಯನ್ನು ಒಳಗೊಂಡಿತ್ತು. 1989ರಲ್ಲಿ ಅದರ ಮೇಲೆ ಸಮಾಜ ಎರಗಿತು. ಬೆದರಿಕೆಗಳು ಬಂದವು. ಕೊನೆಗೆ ಅವರು ಸಮಾಜದ ಹಿರಿಯರ ಮುಂದೆ ತಮ್ಮ ಬರಹವನ್ನು ಹಿಂತೆಗೆದುಕೊಳ್ಳಬೇಕಾಯಿತು. ಮನೆಯವರ ಜೀವ ಉಳಿಸಿಕೊಳ್ಳಲು ಹಾಗೆ ಮಾಡಿದೆ, ಆದರೆ ಆ ದಿನ ನನ್ನ ಬುದ್ಧಿಯ ಆತ್ಮಹತ್ಯೆಯೂ ಆಯಿತು ಎಂಬರ್ಥದ ಮಾತನ್ನು ಅವರು ಆಡಿದರು.

ಆ ಊಹೆಗಳು ಸರಿಯೆಂದು ಇಲ್ಲಿ ವಾದಿಸುತ್ತಿಲ್ಲ. ಆಧಾರ ದುರ್ಬಲವಾಗಿದ್ದರೆ ಅದನ್ನು ತೋರಿಸಲು ಒಂದು ಲೇಖನ ಸಾಕಿತ್ತು. ಓಲೆಗರಿಯ ಪಾಠವನ್ನು ಎದುರಿಡಬಹುದಿತ್ತು, ಪಾಠಾಂತರವನ್ನು ತೋರಿಸಬಹುದಿತ್ತು, ಅನ್ವಯ ತಪ್ಪೆಂದು ಸಾಧಿಸಬಹುದಿತ್ತು. ಅಂಥ ವಿದ್ವಾಂಸರು ಆಗಲೂ ನಮ್ಮಲ್ಲಿ ಇದ್ದರು. ಆದರೆ ಬರಹ ಹಿಂದಕ್ಕೆ ಹೋದ ಮೇಲೆ ಅದಕ್ಕೆ ಉತ್ತರ ಬರೆಯುವ ಅಗತ್ಯವೇ ಯಾರಿಗೂ ಉಳಿಯಲಿಲ್ಲ. ಕ್ಷಮೆಯನ್ನು ಪಡೆದವರು ಗೆದ್ದೆವೆಂದು ಮನೆಗೆ ಹೋದರು, ಪ್ರಶ್ನೆ ಇದ್ದಲ್ಲಿಯೇ ಇದೆ. ಬೆದರಿಸಿ ಪಡೆದ ಕ್ಷಮೆಯಿಂದ ಸಂಶೋಧನೆಯ ಒಂದು ಅಕ್ಷರವೂ ಸುಳ್ಳಾಗುವುದಿಲ್ಲ.

ಮತ್ತೂ ಒಂದು ಪ್ರಶ್ನೆಯನ್ನು ನಮ್ಮ ಎದೆಗೇ ಹಾಕಿಕೊಳ್ಳಬೇಕು. ಆ ಊಹೆಯಲ್ಲಿ ನಮ್ಮನ್ನು ಅಷ್ಟು ನೋಯಿಸಿದ್ದು ಯಾವುದು? ಬಸವಣ್ಣನವರು ಮಾದಾರ ಚೆನ್ನಯ್ಯನವರನ್ನೂ ಡೋಹರ ಕಕ್ಕಯ್ಯನವರನ್ನೂ ತಮ್ಮ ಹಿರಿಯರೆಂದು, ಒಡಹುಟ್ಟಿದವರಂಥ ಬಂಧುಗಳೆಂದು ವಚನದಲ್ಲಿ ಬಾಯಿತುಂಬ ಹೇಳಿಕೊಂಡಿದ್ದಾರೆ. ಜಯಂತಿಯ ವೇದಿಕೆಯಲ್ಲಿ ಅದನ್ನು ನಾವೂ ಬಾಯಿತುಂಬ ಹೇಳುತ್ತೇವೆ. ಹೀಗಿರುವಾಗ ಕಕ್ಕಯ್ಯನವರ ಹೆಸರು ಬಸವಣ್ಣನವರ ಮನೆಯ ವಂಶಾವಳಿಯ ಹತ್ತಿರ ಬಂದ ಕೂಡಲೇ ರಕ್ತ ಕುದಿದದ್ದು ಭಕ್ತಿಯಿಂದಲೋ, ಒಳಗೆ ಉಳಿದುಕೊಂಡ ಜಾತಿಯಿಂದಲೋ? ಎಲ್ಲರ ಮನಸ್ಸಿನಲ್ಲಿಯೂ ಅದೇ ಇತ್ತೆಂದು ಹೇಳುವುದು ಅನ್ಯಾಯ. ಯಾರ ಮನಸ್ಸಿನಲ್ಲಿಯೂ ಅದು ಇರಲಿಲ್ಲವೆಂದು ಹೇಳುವುದು ಸುಳ್ಳು.

2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಯಲ್ಲಿ ಕಲಬುರ್ಗಿಯವರನ್ನು ಗುಂಡಿಕ್ಕಿ ಕೊಂದರು. 1989ರಲ್ಲಿ ಅವರನ್ನು ಕ್ಷಮೆಗೆ ಎಳೆದವರೇ 2015ರಲ್ಲಿ ಗುಂಡು ಹಾರಿಸಿದರೆಂದು ಯಾರೂ ಹೇಳಬಾರದು. ತನಿಖಾ ದಳವು 2019ರಲ್ಲಿ ಸಲ್ಲಿಸಿದ ಆರೋಪಪಟ್ಟಿಯ ಬೆರಳು ಬೇರೆಡೆಗಿದೆ; ಅದರಂತೆ ಕೊಲೆಗೆ ಕಾರಣ 2014ರ ಅವರ ಒಂದು ಭಾಷಣ. ಅಪರಾಧವನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ನಾವು ತೀರ್ಮಾನಿಸಬೇಕಾದದ್ದು ಬೇರೆ. ಒಬ್ಬ ವಿದ್ವಾಂಸನನ್ನು ಬೆದರಿಸಿ ಬಾಯಿ ಮುಚ್ಚಿಸಬಹುದೆಂಬ ಪಾಠವನ್ನು ನಾಡಿಗೆ ಕಲಿಸಿದವರಲ್ಲಿ ನಾವೂ ಇದ್ದೆವು. ಅವರ ಭಾವಚಿತ್ರಕ್ಕೆ ಹಾರ ಹಾಕುವಾಗ ಇದು ನೆನಪಿರಲಿ.

1989ರ ಪ್ರಸಂಗ ಒಂಟಿಯಲ್ಲ. ಪಿ. ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯನ್ನು ಸರಕಾರ ಮುಟ್ಟುಗೋಲು ಹಾಕಿಕೊಂಡಿತು, 2007ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅದೇ 2007ರಲ್ಲಿ ಬಂಜಗೆರೆ ಜಯಪ್ರಕಾಶ ಅವರ ‘ಆನು ದೇವಾ ಹೊರಗಣವನು’ ಎಂಬ ಪುಸ್ತಕ ಬಸವಣ್ಣನವರ ಕುಲದ ಪ್ರಶ್ನೆಯನ್ನೆತ್ತಿ ಬೀದಿಯ ಪ್ರತಿಭಟನೆಗೆ ಗುರಿಯಾಯಿತು, ಲೇಖಕರು ಅದನ್ನು ಹಿಂತೆಗೆದುಕೊಂಡರು. 2017 ಮತ್ತು 2018ರಲ್ಲಿ ಸ್ವತಂತ್ರ ಧರ್ಮದ ಮಾನ್ಯತೆಯ ಚರ್ಚೆ ನಡೆದಾಗ ಲಿಂಗಾಯತ, ವೀರಶೈವ ಎಂಬ ಎರಡು ಪದಗಳ ನಡುವೆ ಸಿಕ್ಕಿ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳುಂಟು. ಯಾವ ಪಕ್ಷದ ಮಾತು ಸರಿ ಎಂಬುದು ಈ ಲೇಖನದ ವಿಷಯವಲ್ಲ. ಎರಡೂ ಕಡೆಯಲ್ಲಿ ಆಧಾರಗಳಿದ್ದವು: ಶಾಸನ, ಜನಗಣತಿಯ ವರದಿ, ಆಗಮ, ವಚನ. ಅವನ್ನು ಮೇಜಿನ ಮೇಲೆ ಹರಡಿ ನೋಡುವಷ್ಟು ತಾಳ್ಮೆ ಎಷ್ಟು ಸಭೆಗಳಲ್ಲಿತ್ತು? ಧ್ವನಿವರ್ಧಕ ಕಿತ್ತುಕೊಳ್ಳುವ ಉತ್ಸಾಹವಿದ್ದ ಸಭೆಗಳನ್ನು ಎಲ್ಲರೂ ಕಂಡಿದ್ದೇವೆ.

ಗದ್ದಲವೆದ್ದಾಗ ಹಿರಿಯರು ಏನು ಮಾಡಬೇಕೆಂಬುದಕ್ಕೆ ಒಂದು ಮೇಲ್ಪಂಕ್ತಿಯನ್ನು ನಮ್ಮ ನೆರೆಯಲ್ಲಿಯೇ ಕಾಣಬಹುದು. ನಂದಿಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಗೆ ಬಂದವರು ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟುಮನೆಯನ್ನೂ ಸಮಾಧಿಯನ್ನೂ ನೋಡಿ, ಕನ್ನಂಬಾಡಿ ಕಟ್ಟೆಯ ಮಾತಾಡಿ ಹಿಂದಿರುಗುತ್ತಾರೆ. ಸಿದ್ಧರಾಮೇಶ್ವರರಂತೆ ಅವರೂ ನೀರು ಕಟ್ಟಿದವರೆಂಬ ಭಕ್ತಿ ನಮ್ಮವರಿಗೆ ಸಹಜ. ಆದರೆ ಅವರು ಅಣೆಕಟ್ಟಿನಷ್ಟೇ ಕಷ್ಟದ ಮತ್ತೊಂದು ಕೆಲಸವನ್ನೂ ಹೊತ್ತಿದ್ದರು. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಸರಕಾರಿ ಶಾಲೆಯ ಗಣಪತಿ ವಿಗ್ರಹದ ವಿಷಯವಾಗಿ ಹೊತ್ತಿದ ಕಿಡಿ ಹಿಂದೂ ಮುಸ್ಲಿಮರ ನಡುವಿನ ಗಲಭೆಯಾಯಿತು. ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲ. ವಿಚಾರಣೆಗೆ ನೇಮಿಸಿದ ಸಮಿತಿಗೆ ವಿಶ್ವೇಶ್ವರಯ್ಯನವರೇ ಅಧ್ಯಕ್ಷರು.

ಇಬ್ಬರೂ ಸುಮ್ಮನಿರಿ, ನಾವೆಲ್ಲ ಒಂದೇ, ಎಂದು ಒಂದು ಪುಟದ ಉಪದೇಶ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆ ಸಮಿತಿ ಹಾಗೆ ಮಾಡಲಿಲ್ಲ. ಗಲಭೆಯ ವಿಚಾರಣೆ ಮಾಡಿ, ಸಂಸ್ಥಾನದಲ್ಲಿ ಜವಾಬ್ದಾರಿ ಸರಕಾರ ಬರಬೇಕೆಂಬ ಶಿಫಾರಸಿನವರೆಗೂ ಹೋಯಿತು. ಒಂದು ಶಾಲೆಯ ಜಗಳಕ್ಕೂ ರಾಜ್ಯಪದ್ಧತಿಗೂ ಏನು ಸಂಬಂಧವೆಂದು ಅಂದು ಹುಬ್ಬೇರಿಸಿದವರು ಇದ್ದಿರಬೇಕು. ಸಂಬಂಧ ಸರಳವಾಗಿದೆ. ಹೇಳಿಕೊಳ್ಳಲು ನೆಟ್ಟಗಿನ ಜಾಗವಿಲ್ಲದ ಜನ ಬೀದಿಯಲ್ಲಿ ಹೇಳಿಕೊಳ್ಳುತ್ತಾರೆ, ಕೇಳಿಸದಿದ್ದರೆ ಕಲ್ಲಿನಿಂದ ಹೇಳುತ್ತಾರೆ.

ಅರಮನೆ ಆ ಶಿಫಾರಸನ್ನು ಕಾರ್ಯಗತಗೊಳಿಸಲಿಲ್ಲ. ಹತ್ತು ವರ್ಷಗಳ ನಂತರ, 1938ರ ಏಪ್ರಿಲ್ 25ರಂದು, ಇದೇ ಸೀಮೆಯ ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ನಿಷೇಧವನ್ನು ಮೀರಿ ಸೇರಿದ ಸಭೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಲ್ಲಿನ ಹುತಾತ್ಮರ ಸ್ಮಾರಕವನ್ನು ನೋಡದ ಭಕ್ತರು ಒಮ್ಮೆ ನೋಡಿಬರಬೇಕು. ಮುದ್ದೇನಹಳ್ಳಿಯಿಂದ ಅದು ಬಹು ದೂರವೇನಲ್ಲ. ಮಾತಿಗೆ ಜಾಗ ಕೊಡಿರೆಂದು ಒಂದು ಊರಿನ ಮಗ ಹೇಳಿದ್ದು ನಡೆಯಲಿಲ್ಲ. ಮಾತಾಡಲು ಸೇರಿದವರು ನೆರೆಯ ಊರಿನಲ್ಲಿ ಸತ್ತರು. ಮೈಸೂರಿಗೆ ಜವಾಬ್ದಾರಿ ಸರಕಾರ ಬಂದದ್ದು 1947ರ ಅಕ್ಟೋಬರಿನಲ್ಲಿ.

ವಿಶ್ವೇಶ್ವರಯ್ಯನವರನ್ನು ಹೊಗಳುವುದಕ್ಕಷ್ಟೇ ಇದನ್ನು ಹೇಳುತ್ತಿಲ್ಲ. ಅವರ ಎಲ್ಲ ನಿಲುವುಗಳನ್ನೂ ನಮ್ಮ ಹಿರಿಯರು ಒಪ್ಪಿದವರಲ್ಲ. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿಯಲ್ಲಿ ಒಕ್ಕಲಿಗ, ಮುಸ್ಲಿಂ ಮುಖಂಡರೊಡನೆ ಲಿಂಗಾಯತ ಮುಖಂಡರೂ ಇದ್ದರು. ಸರಕಾರಿ ಉದ್ಯೋಗದಲ್ಲಿ ಹಿಂದುಳಿದವರಿಗೆ ಪಾಲು ಬೇಕೆಂದು ಅವರು ಕೇಳಿದರು, 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು, ಅದಕ್ಕೆ ಒಪ್ಪದ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನೇ ಬಿಟ್ಟರು. ಆ ವಾದದಲ್ಲಿ ನ್ಯಾಯ ನಮ್ಮವರ ಕಡೆಗಿತ್ತೆಂದು ನಾನು ನಂಬುತ್ತೇನೆ. ಅಷ್ಟು ದೊಡ್ಡ ಭಿನ್ನಾಭಿಪ್ರಾಯವನ್ನು ಇಬ್ಬಣದವರೂ ಮನವಿಯಿಂದ, ಸಮಿತಿಯಿಂದ, ರಾಜೀನಾಮೆಯಿಂದ ನಡೆಸಿದರು. ಗೆದ್ದವರು ಸೋತವರ ಮನೆಯ ಮುಂದೆ ಕೂಗಾಡಲಿಲ್ಲ. ಆ ಸೌಜನ್ಯ ನಮ್ಮದೇ ಆಸ್ತಿ, ಅದನ್ನು ಕಳೆದುಕೊಂಡವರೂ ನಾವೇ.

ಈಗ ಅಧ್ಯಕ್ಷಪೀಠದ ಹಿರಿಯರಲ್ಲಿ ನೇರವಾದ ಮಾತು. ಗದ್ದಲವೆದ್ದಾಗ ‘ಇಬ್ಬರೂ ಸುಮ್ಮನಿರಿ’ ಎನ್ನುವುದು ಸಮದರ್ಶಿತ್ವವಲ್ಲ. ಮಾತಾಡುತ್ತಿದ್ದವನು ಒಬ್ಬ, ಮಾತನ್ನು ಕತ್ತರಿಸಿದವನು ಇನ್ನೊಬ್ಬ. ಇಬ್ಬರನ್ನೂ ಸುಮ್ಮನಾಗಿಸಿದರೆ ಕತ್ತರಿಸಿದವನ ಉದ್ದೇಶ ಪೂರ್ತಿಯಾಗಿ ಈಡೇರಿದಂತೆ. ತಕ್ಕಡಿಯನ್ನು ಸಮ ಮಾಡಿದೆನೆಂದು ನೀವು ತಿಳಿಯುತ್ತೀರಿ. ಅವನು ಮುಂದಿನ ಸಭೆಗೆ ಇನ್ನೂ ನಾಲ್ಕು ಜನರನ್ನು ಕರೆತರುತ್ತಾನೆ. ನೀವು ಹೇಳಬೇಕಾದದ್ದು ‘ತಾವು ಕುಳಿತುಕೊಳ್ಳಿ, ತಮ್ಮ ಸರದಿ ಬರುತ್ತದೆ’ ಎಂದು ಅವನಿಗೆ. ‘ತಾವು ಮುಂದುವರಿಸಿ’ ಎಂದು ಇವನಿಗೆ. ಗದ್ದಲದಲ್ಲಿ ಕಳೆದ ಹೊತ್ತನ್ನು ಮಾತನಾಡುತ್ತಿದ್ದವರಿಗೆ ಎಣಿಸಿ ಹಿಂದಿರುಗಿಸಬೇಕು. ಆಮೇಲೆ ಆಕ್ಷೇಪಣೆ ಎತ್ತಿದವರಿಗೂ ಅಷ್ಟೇ ಹೊತ್ತು ಕೊಡಬೇಕು, ಅವರನ್ನು ತಡೆದರೂ ಹೀಗೆಯೇ ಕಾಯಬೇಕು. ಅವರ ಮಾತಿನಲ್ಲಿಯೂ ಹುರುಳಿರಬಹುದು. ಕೂಗಾಟದಲ್ಲಿ ಅದು ನಮಗೆ ಕೇಳಿಸದೇ ಹೋಗುತ್ತಿದೆ.

ಆಕ್ಷೇಪಣೆಯು ವಚನದ ಅರ್ಥಕ್ಕೆ ಸಂಬಂಧಿಸಿದ್ದರೆ ಯಾವ ಸಂಪುಟ, ಎಷ್ಟನೆಯ ವಚನ ಎಂದು ಕೇಳಿರಿ. ಈ ಒಂದು ಪ್ರಶ್ನೆಗೇ ಅರ್ಧದಷ್ಟು ಕೋಪ ಇಳಿಯುತ್ತದೆ. ಕೂಗಾಡುವವರಲ್ಲಿ ಹಲವರು ಮೂಲವನ್ನು ತೆರೆದೇ ನೋಡಿರುವುದಿಲ್ಲ. ತೆರೆದು ನೋಡಿದವರಾದರೆ ಬಹಳ ಒಳ್ಳೆಯದಾಯಿತು, ಅವರನ್ನು ಮುಂದಿನ ತಿಂಗಳ ಗೋಷ್ಠಿಗೆ ಉಪನ್ಯಾಸಕರಾಗಿ ಕರೆಯಿರಿ. ಆದರೆ ಜಾತಿಯ ಹೆಸರು ಹಿಡಿದು ಹಳಿದವನಿಗೆ, ಹೆಣ್ಣುಮಗಳ ಶೀಲದ ಮಾತೆತ್ತಿದವನಿಗೆ, ಮನೆಯವರ ಮೇಲೆ ಬೆದರಿಕೆ ಹಾಕಿದವನಿಗೆ ಆ ದಿನ ಎರಡನೆಯ ಸರದಿ ಬೇಡ. ಆತ ಎಷ್ಟೇ ಪ್ರಗತಿಪರನಿರಲಿ, ಎಷ್ಟೇ ಸಂಪ್ರದಾಯಸ್ಥನಿರಲಿ. ಬಸವಣ್ಣನವರ ಪಕ್ಷದಲ್ಲಿದ್ದೇನೆಂದು ಹೇಳಿಕೊಂಡು ಎದುರಿನವರ ಹುಟ್ಟನ್ನು ಆಡಿಕೊಳ್ಳುವ ಪಂಡಿತರನ್ನೂ ಇತ್ತೀಚೆಗೆ ಕಾಣುತ್ತಿದ್ದೇವೆ. ಪದೇ ಪದೇ ಹೀಗೆ ಮಾಡುವವನನ್ನು ಕೆಲವು ತಿಂಗಳು ವೇದಿಕೆಯಿಂದ ದೂರವಿಡಬೇಕು. ಪ್ರಸಾದದ ಪಂಕ್ತಿಯಿಂದ ಯಾರನ್ನೂ ಎಬ್ಬಿಸುವಂತಿಲ್ಲ. ಧ್ವನಿವರ್ಧಕದ ಮುಂದಿನಿಂದ ಎಬ್ಬಿಸಬಹುದು.

ವೇದಿಕೆಯ ಮೇಲೆ ಯಾರಿಂದಲೂ ಕ್ಷಮೆ ಕೇಳಿಸಬಾರದು, ಕಲಬುರ್ಗಿಯವರ ಪ್ರಸಂಗದ ಮೇಲಂತೂ ಕೂಡದು. ತಪ್ಪು ಮಾಹಿತಿ ಹೇಳಿದ್ದರೆ ತಿದ್ದುಪಡಿ ಹೇಳಲಿ, ಅದು ಬೇರೆ. ಗುಂಪಿನ ಮುಂದೆ ಬಗ್ಗಿಸಿದ ತಲೆಯಿಂದ ಯಾವ ಶರಣನ ಗೌರವವೂ ಹೆಚ್ಚುವುದಿಲ್ಲ.

ಇದನ್ನೆಲ್ಲ ಮಾಡಲು ಅಡ್ಡಿ ಏನೆಂಬುದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೂಗಾಡುವವನು ಅನೇಕ ವೇಳೆ ದೊಡ್ಡ ದಾನಿ. ಜಾತ್ರೆಯ ದಾಸೋಹಕ್ಕೆ ಅಕ್ಕಿ ಮೂಟೆಗಳು ಅವನ ಮನೆಯಿಂದ ಬಂದಿರುತ್ತವೆ, ಸಮುದಾಯ ಭವನದ ಗೋಡೆಯಲ್ಲಿ ಅವನ ಹೆಸರಿನ ಕಲ್ಲಿರುತ್ತದೆ. ಪ್ರಶ್ನೆ ಕೇಳಿದವಳು ಶಾಲೆಯ ಶಿಕ್ಷಕಿಯೋ, ಕಾಲೇಜಿನ ಹುಡುಗಿಯೋ ಆಗಿರುತ್ತಾಳೆ. ಮುತ್ತಿನ ವಚನ ಅವಳ ಕಡೆಗೆ ತಿರುಗಲು ಬೇರೆ ಕಾರಣ ಹುಡುಕಬೇಕಾಗಿಲ್ಲ. ಮಠಗಳ ಕಾರ್ಯದರ್ಶಿಗಳು ಆಯ್ದಕ್ಕಿ ಲಕ್ಕಮ್ಮನವರನ್ನು ಒಮ್ಮೆ ನೆನೆಯಬೇಕು. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆ ತಾಯಿ ಮನೆಯಲ್ಲಿ ಕಾಳಿಲ್ಲವೆಂದು ಅಳುಕಲಿಲ್ಲ, ಗಂಡನ ಮನಸ್ಸು ನೋಯುತ್ತದೆಂದೂ ತಡೆಯಲಿಲ್ಲ. ತಂದಲ್ಲಿಗೇ ಹೋಗಿ ಸುರಿದು ಬಾ ಎಂದರು. ಮಾರಯ್ಯ ಹೋಗಿ ಸುರಿದು ಬಂದರು.